ನಾಯಕಿಗೊಂದು ತವರು

ಕಾದಂಬರಿ ಬರೆಯುವವರಿಗೆ ಒಂದು ಕೆಟ್ಟ ಚಪಲ ಉಂಟು. ಓದುಗರ ಕಣ್ಣಲ್ಲಿ ನೀರು ಬರಬೇಕೆಂದರೆ ಯಾರನ್ನಾದರೂ ಸಾಯಿಸಿಬಿಡುತ್ತೇವೆ. ನನ್ನ ನಾಯಕಿ ಸುಮತಿ ಇನ್ನೂ ಲಂಗ ಎತ್ತಿ ಕಟ್ಟಿ ಪೇರಳೆ ಮರ ಹತ್ತುವ ವಯಸ್ಸಿನಲ್ಲೇ ನಾನು ಅವಳ ತಾಯಿಯನ್ನು ಮುಗಿಸಿಬಿಟ್ಟೆ. ಬರೆಯುತ್ತಾ ಎಷ್ಟು ಅತ್ತೆನೆಂದರೆ, ಒಲೆಯ ಮೇಲಿನ ಪಲ್ಯ ತಳ ಹಿಡಿದದ್ದೂ ಗೊತ್ತಾಗಲಿಲ್ಲ. ಆ ಸಾವು ಮುಂದೆ ನಮ್ಮ ಮನೆಯ ನೆಮ್ಮದಿಯನ್ನೇ ಕೆಡಿಸುತ್ತದೆಂದು ಯಾರಿಗೆ ಗೊತ್ತಿತ್ತು?

ಆದದ್ದಿಷ್ಟು. ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ವಾರಪತ್ರಿಕೆಯ ಧಾರಾವಾಹಿಗಳನ್ನು ಒಂದಕ್ಷರ ಬಿಡದೆ ಓದುತ್ತಿದ್ದವರು, ಕೆಲವು ಸಮಯ ಓದಬಾರದೆಂದು ಡಾಕ್ಟರು ಹೇಳಿದ ಮೇಲೆ ಮನೆಮುಂದಿನ ರಸ್ತೆಯ ಬೆಳ್ಳಾರೆ ಬಸ್ಸುಗಳ ಹಾರನ್ ಕೇಳುತ್ತಾ ಕೂತು ಬೇಸತ್ತಿದ್ದರು. "ನೀನು ಎಂತದೋ ಬರೀತಿ ಅಲ್ಲ, ಅದನ್ನೇ ಓದು" ಎಂದರು. ದಿನಾ ಊಟವಾದ ಮೇಲೆ ಓದತೊಡಗಿದೆ. ಸುಮತಿ ಸುಳ್ಯದ ಕಾಲೇಜಿಗೆ ಹೋದಳು, ಬಸ್ಸಿನಲ್ಲಿ ಒಬ್ಬನನ್ನು ನೋಡಿ ನಾಚಿದಳು, ಅರಂತೋಡಿಗೆ ಸೊಸೆಯಾಗಿ ಬಂದಳು, ಬಸುರಿಯಾದಳು. ಅತ್ತೆ ವೀಳ್ಯ ಜಗಿಯುವುದನ್ನೂ ಮರೆತು ಕೇಳುತ್ತಿದ್ದರು. ನಾನು ಉಬ್ಬಿಹೋಗಿದ್ದೆ.

"ನಿಲ್ಲು. ಈ ಹುಡುಗಿ ಹೆರಿಗೆಗೆ ಎಲ್ಲಿಗೆ ಹೋಗುದು?"

"ಆಸ್ಪತ್ರೆಗೆ, ಅತ್ತೆ."

"ಆಮೇಲೆ? ಎಣ್ಣೆ ಹಚ್ಚಿ ಬಿಸಿನೀರಲ್ಲಿ ಮೀಸುದು ಯಾರು? ಚೊಚ್ಚಲ ಬಾಣಂತನ ತಾಯಿಮನೆಯಲ್ಲಿ ಆಗ್ಬೇಕು. ತಾಯಿಯನ್ನು ನೀನು ಕೊಂದು ಹಾಕಿದ್ದಿ!" ಅತ್ತೆ ಬೈದದ್ದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.

ನಿಜ ಹೇಳಬೇಕೆಂದರೆ, ಹೆರಿಗೆಯೊಂದಿಗೆ ಆ ಅಧ್ಯಾಯ ಮುಗಿಸಿ, ಮುಂದಿನದರಲ್ಲಿ ಮಗುವನ್ನು ನೇರ ಶಾಲೆಗೆ ಕಳಿಸುವುದು ನನ್ನ ಉಪಾಯವಾಗಿತ್ತು. ಹುಡುಗಿಯೊಬ್ಬಳು ತಾಯಿಯಾಗುವ ಆ ನಡುವಿನ ಕಾಲವನ್ನು ಬರೆಯಲು ನನಗೆ ಹೆದರಿಕೆ. "ಅವಳ ಅತ್ತೆಯೇ ನೋಡಿಕೊಳ್ತಾಳೆ" ಎಂದೆ. "ಆ ಹೆಂಗಸಾ? ಸೊಸೆಗೆ ಒಂದು ಲೋಟ ಚಾ ಕೊಡ್ಲಿಕ್ಕೆ ಅವಳಿಗೆ ಮನಸ್ಸಿಲ್ಲ. ನೀನೇ ಬರ್ದದ್ದಲ್ವಾ?" ಎಂದು ಮುಖ ತಿರುಗಿಸಿದರು. ಸುಮತಿಗೆ ಒಂದು ವ್ಯವಸ್ಥೆಯಾಗದೆ ಮುಂದಿನ ಒಂದು ಸಾಲನ್ನೂ ಕೇಳುವುದಿಲ್ಲವಂತೆ. ನಾನು ಓದಲು ಕೂತರೆ ಅವರು ಎದ್ದು ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಒಣಗಿಸುತ್ತಿದ್ದರು.

ಒಂದು ದಿನ ಸುಮ್ಮನೆ ಕುತೂಹಲಕ್ಕೆ ಕೇಳಿದೆ: "ನಿಮ್ಮ ಚೊಚ್ಚಲ ಬಾಣಂತನ ಯಾರು ಮಾಡಿದ್ದು, ಅತ್ತೆ?" ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಕೇಳಿರಲಿಲ್ಲ.

"ಯಾರೂ ಇಲ್ಲ. ನನ್ನ ಅಮ್ಮ ಮೊದಲೇ ಹೋಗಿದ್ರು. ನಾನೇ ನೀರು ಕಾಯಿಸಿ ನಾನೇ ಮಿಂದೆ. ಮಗು ಅತ್ತರೆ ನಾನೂ ಕೂತು ಅಳ್ತಿದ್ದೆ. ಮತ್ತೆ ಯಾವಾಗ್ಲೋ ಮಗು ಮಾತ್ರ ಅಳ್ತಿತ್ತು, ನಾನು ಎತ್ತಿಕೊಳ್ತಿದ್ದೆ. ಯಾವಾಗಿಂದ ಅಂತ ಗೊತ್ತಿಲ್ಲ ಮಾರಾಯ್ತಿ."

ಬರೆಯುವವಳ ಬುದ್ಧಿ ನೋಡಿ, ಕಣ್ಣೊರೆಸಿಕೊಳ್ಳುವ ಮೊದಲೇ ಕೈ ಪೆನ್ನು ಹುಡುಕುತ್ತಿತ್ತು.

"ಅವಳಿಗೆ ಹಾಗೆ ಆಗುದು ಬೇಡ. ಇಲ್ಲಿಗೆ ಕರ್ಕೊಂಡು ಬಾ. ನಾನು ಮೀಸ್ತೇನೆ" ಎಂದರು ಅತ್ತೆ.

"ಎಲ್ಲಿಗೆ?"

"ಈ ಮನೆಗೇ. ಬರಿ!"

ಹಾಗೆ ಸುಮತಿ ನಮ್ಮ ಮನೆಗೆ ಬಂದಳು. ಈಗ ಅತ್ತೆ ಹೇಳುತ್ತಾರೆ, ನಾನು ಬರೆಯುತ್ತೇನೆ. ಮಗುವನ್ನು ಚಾಚಿದ ಕಾಲ ಮೇಲೆ ಮಲಗಿಸುವಾಗ ಮೊದಮೊದಲು ನಡುಗುತ್ತಿದ್ದ ಹುಡುಗಿ, ನಿನ್ನೆಯ ಪುಟದಲ್ಲಿ ನಮ್ಮ ಅತ್ತೆಯನ್ನೇ ಪಕ್ಕಕ್ಕೆ ಸರಿಸಿ ತಾನೇ ಮೀಯಿಸಿದಳು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಈ ಅಧ್ಯಾಯದಲ್ಲಿ ನಾನೆಲ್ಲಿದ್ದೇನೆಂದು ಕೇಳಿದ್ದಕ್ಕೆ, "ನೀನು ಬಚ್ಚಲ ಒಲೆಗೆ ಸೌದೆ ಹಾಕು" ಎಂದರು. ನನ್ನದೇ ಕಾದಂಬರಿಯಲ್ಲಿ ನನಗೆ ಸಿಕ್ಕಿದ್ದು ನೀರು ಕಾಯಿಸುವ ಪಾತ್ರ. ಮಗುವನ್ನು ಎತ್ತಿಕೊಳ್ಳಲು ಇನ್ನೂ ಅಪ್ಪಣೆಯಾಗಿಲ್ಲ.