ಅಂಗಡಿಯಲ್ಲಿ ಮಾತ್ರ ಓಡುವ ಕಾರ್ಡು

ಟೈಲರಮ್ಮ: ಇದು ಮೂರನೇ ಸಲ. ಇವತ್ತು ಈ ಕಾರ್ಡು ಇಲ್ಲೇ ಉಳಿಯತ್ತೆ, ಇಲ್ಲ ನಾನು ಉಳೀತೀನಿ.

ಅಂಗಡಿಯವರು: ಅಕ್ಕಾ, ಗ್ರಾಫಿಕ್ಸ್ ಕಾರ್ಡು ಹೊಚ್ಚ ಹೊಸದು. ಎರಡು ಸಲ ಇಲ್ಲಿ ಹಾಕಿ ತೋರಿಸಿದೀನಿ. ಚಿತ್ರ ಚೆನ್ನಾಗಿ ಬಂತೋ ಇಲ್ವೋ?

ಟೈಲರಮ್ಮ: ಬಂತು. ಮನೆಗೆ ಹೋದ್ರೆ ಪರದೆ ತುಂಬ ಹಸಿರು ಗೆರೆ.

ಅಂಗಡಿಯವರು: ಅಂದ್ರೆ ದೋಷ ಮನೇದು.

ಟೈಲರಮ್ಮ: ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ.

ಟೈಲರಮ್ಮ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಯಂತ್ರದಲ್ಲಿ ಕಸೂತಿ ಹಾಕುವವರು. ನಾಡಿದ್ದು ಬೆಳಿಗ್ಗೆ ಒಂದು ಶಾಲೆಗೆ ಎಂಬತ್ತು ಬ್ಯಾಡ್ಜು ಕೊಡಬೇಕು. ಕೊಡದಿದ್ದರೆ ವರ್ಷವಿಡೀ ಬರುವ ಆ ಶಾಲೆಯ ಕೆಲಸ ಎದುರು ಬೀದಿಯ ಟೈಲರ್ ಪಾಲು. ಕಂಪ್ಯೂಟರಿಗೆ ಹಾಕಿಸಿದ ಹೊಸ ಸಾಫ್ಟ್‌ವೇರೋ ಈ ಕಾರ್ಡಿಲ್ಲದೆ ಕಣ್ಣೇ ಬಿಡುವುದಿಲ್ಲ. ಕಾರ್ಡಿನ ಡಬ್ಬ ಹಿಡಿದು ಹಿಂದೆ ನಿಂತಿದ್ದ ಗಂಡ ಶಾಂತಿಪ್ರಿಯರು. ಯಾವ ಜಗಳದಲ್ಲೂ ಎರಡೂ ಕಡೆಗೆ ತಲೆಯಾಡಿಸುವವರು.

ಗಂಡ: ಅವರು ಹೇಳೋದರಲ್ಲೂ ಏನೋ ಇರಬಹುದು ಕಣೇ.

ಟೈಲರಮ್ಮ: ಇವರು ಹೇಳಿದ್ರು ಅಂತಾನೇ ಅಲ್ವಾ ನೀವು ಫ್ರಿಜ್ಜು ಎಳಕೊಂಡು ಹೋಗಿ ಬಚ್ಚಲ ಬಾಗಿಲಿಗೆ ಇಟ್ಟಿದ್ದು?

ಅಂಗಡಿಯವರು: ಕಂಪ್ಯೂಟರ್ ಪಕ್ಕ ಫ್ರಿಜ್ಜು ಇರಬಾರದು ಅಕ್ಕಾ. ಕಾರ್ಡಿಗೆ ಕಿರಿಕಿರಿ ಆಗತ್ತೆ.

ಟೈಲರಮ್ಮ: ಈಗ ನಮಗೆ ಆಗ್ತಿದೆ. ಅಡ್ಡಡ್ಡ ತಿರುಗಿ ಸ್ನಾನಕ್ಕೆ ಹೋಗಬೇಕು.

ಗಂಡ: ಆದ್ರೂ ಗೆರೆ ಸ್ವಲ್ಪ ತೆಳ್ಳಗಾಗಿದೆ.

ಟೈಲರಮ್ಮ: ತೆಳ್ಳಗಾಗಿರೋದು ನೀವು. ಫ್ರಿಜ್ಜಿನ ಬಾಗಿಲು ಅರ್ಧ ತಾನೇ ತೆರೆಯೋದು.

ಅಂಗಡಿಯವರು ನಿಟ್ಟುಸಿರು ಬಿಟ್ಟು ಕಾರ್ಡನ್ನು ತಮ್ಮ ಪರೀಕ್ಷೆಯ ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ಪರದೆಯ ಮೇಲೆ ಕೆರೆ, ಬೆಟ್ಟ, ಮೋಡ ಎಲ್ಲಾ ಸ್ವಚ್ಛವಾಗಿ ಮೂಡಿದವು. ಒಂದು ಗೆರೆಯೂ ಇಲ್ಲ.

ಅಂಗಡಿಯವರು: ನೋಡಿ. ಕಣ್ಣಾರೆ ನೋಡಿ.

ಗಂಡ: ಕಂಡಾಯ್ತಲ್ಲ, ಬಾರೇ. ಬೀರುನೂ ಒಂಚೂರು ಸರಿಸಿ ನೋಡ್ತೀನಿ.

ಟೈಲರಮ್ಮ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಹೊಲಿಗೆ ಕೆಟ್ಟರೆ ನಾನು ಬಟ್ಟೇನ ಬೈಯಲ್ಲ. ನೂಲು ಉಂಡೆಯಿಂದ ಸೂಜಿವರೆಗೆ ಎಲ್ಲೆಲ್ಲಿ ಹಾದು ಬಂತು ಅಂತ ಬೆರಳಿಟ್ಟು ನೋಡ್ತೀನಿ.

ಅಂಗಡಿಯವರು ಬೇಡ ಬೇಡ ಎನ್ನುವುದರೊಳಗೆ ಆಕೆ ಮೇಜಿನ ಹಿಂದೆ ನುಗ್ಗಿ, ಪರದೆಯಿಂದ ಹೊರಟ ಕೇಬಲ್ಲಿನ ಮೇಲೆ ಬೆರಳು ಜಾರಿಸುತ್ತಾ ಹೋದರು.

ಟೈಲರಮ್ಮ: ಇದು ಬಂದು ಈ ಮೇಲಿನ ಕಿಂಡಿಗೆ ಹೋಗಿದೆ. ಈ ಕಿಂಡಿ ಯಾರದು?

ಅಂಗಡಿಯವರು: ಕಂಪ್ಯೂಟರಿಂದೇ ಸ್ವಂತದ್ದು. ಕಾರ್ಡು ಇಲ್ಲದಿದ್ರೂ ಅದರಲ್ಲಿ ಚಿತ್ರ ಬರತ್ತೆ.

ಟೈಲರಮ್ಮ: ಕಾರ್ಡಿನ ಕಿಂಡಿ?

ಅಂಗಡಿಯವರು: ಅದರ ಕೆಳಗೇ ಇದೆಯಲ್ಲಾ.

ಟೈಲರಮ್ಮ: ಅದು ಖಾಲಿ.

ಅಂಗಡಿಯವರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಅಂಗಡಿಯವರು: ಒಂದು ವರ್ಷದಿಂದ ಹೀಗೇ ಇದೆ. ಯಾರೂ ಮುಟ್ಟಿಲ್ಲ.

ಗಂಡ: ಹಂಗಾದ್ರೆ ಕಾರ್ಡು ಸುಮ್ನೆ ಕೂತಿತ್ತು, ಕೆಲಸ ಎಲ್ಲಾ ಇನ್ನೊಬ್ಬರು ಮಾಡ್ತಿದ್ರು?

ಟೈಲರಮ್ಮ: ನಮ್ಮನೆ ಥರಾನೇ.

ಆಕೆ ಕೇಬಲ್ಲನ್ನು ಕಿತ್ತು ಕಾರ್ಡಿಗೆ ಚುಚ್ಚಿದರು. ಕೆರೆ ಬೆಟ್ಟಗಳೆಲ್ಲ ಮಾಯವಾಗಿ ಪರದೆಯ ತುಂಬ ಹಸಿರು ಗೆರೆಗಳು ಎದ್ದವು.

ಗಂಡ: ಇವೇ, ಇವೇ. ನಮ್ಮವೇ.

ಅಂಗಡಿಯವರು ಇನ್ನೊಂದು ಡಬ್ಬ ಒಡೆದು, ಹೊಸ ಕಾರ್ಡು ಹಾಕಿ, ಕೇಬಲ್ಲನ್ನು ಸರಿಯಾದ ಕಿಂಡಿಗೇ ಕೊಟ್ಟರು. ಚಿತ್ರ ಬಂತು. ಟೈಲರಮ್ಮ ಕೇಬಲ್ಲನ್ನು ಮತ್ತೆ ಬೆರಳಿಟ್ಟು ಪರೀಕ್ಷಿಸಿ, ಅದು ಕಾರ್ಡಿನದೇ ಚಿತ್ರವೆಂದು ಖಾತ್ರಿ ಮಾಡಿಕೊಂಡು ಡಬ್ಬ ಎತ್ತಿಕೊಂಡರು. ಎಂಬತ್ತು ಬ್ಯಾಡ್ಜಿಗೆ ಇನ್ನೂ ಒಂದೂವರೆ ದಿನವಿದೆ ಎಂದು ಅವರಿಗೆ ಸಂತೋಷವೋ ಸಂತೋಷ. ಅಂಗಡಿಯವರು ಮಾತ್ರ ಸ್ಟೂಲಿನ ಮೇಲೆ ಕುಸಿದು ಕೂತರು.

ಟೈಲರಮ್ಮ: ಇದ್ಯಾಕೆ, ಬೆವರ್ತಾ ಇದ್ದೀರಿ?

ಅಂಗಡಿಯವರು: ಹೋದ ವಾರ ನಮ್ಮ ಮಾವನಿಗೂ ಇದೇ ಥರದ್ದೊಂದು ಕಾರ್ಡು ಕೊಟ್ಟಿದ್ದೆ. ಇಲ್ಲಿ ಓಡ್ತು, ಅಲ್ಲಿ ಓಡ್ಲಿಲ್ಲ. ನಿಮ್ಮನೆ ವೈರಿಂಗೇ ಸರಿ ಇಲ್ಲ ಮಾವ ಅಂದೆ.

ಗಂಡ: ಅದಕ್ಕೇನಂತೆ?

ಅಂಗಡಿಯವರು: ಬೆಳಿಗ್ಗೆಯಿಂದ ಗೋಡೆ ಒಡೆಸ್ತಾ ಇದ್ದಾರೆ.

ಟೈಲರಮ್ಮ: ಅಯ್ಯೋ, ಮೊದ್ಲು ಫೋನ್ ಮಾಡಿ ನಿಜ ಹೇಳಿ. ಹೇಳೋವರೆಗೂ ನಾನು ಮೆಟ್ಟಿಲಿಳಿಯಲ್ಲ.

ಅಂಗಡಿಯವರು ನಂಬರ್ ಒತ್ತಿದರು. ಆ ಕಡೆಯಿಂದ ಸುತ್ತಿಗೆಯ ಸದ್ದು ಅಂಗಡಿಗೆಲ್ಲ ಕೇಳಿಸಿತು.

ಅಂಗಡಿಯವರು: ಮಾವಾ, ನಾನು. ಎಲ್ಲೀತನಕ ಬಂತು? ಹಾಲ್ ಆಯ್ತಾ? ಈಗ ಅಡುಗೆಮನೇದಾ? ಸಾಕು ಮಾವ, ಅಲ್ಲಿಗೆ ನಿಲ್ಲಿಸಿಬಿಡಿ. ದೋಷ ಇದ್ದಿದ್ದು ಆ ಗೋಡೆಯಲ್ಲೇ.