ಅಭಿಮಾನಿಗಳು ಮಾತನಾಡುವಂತಿಲ್ಲ

ಹೊಗಳುವುದೂ ಒಂದು ಕಾಯಿಲೆ. ಬೈಯುವವನು ಒಂದು ಹೊತ್ತಲ್ಲ ಒಂದು ಹೊತ್ತು ಬಾಯಿ ಸೋತು ಸುಮ್ಮನಾಗುತ್ತಾನೆ. ಹೊಗಳುವವನಿಗೆ ಆ ಪುಣ್ಯವಿಲ್ಲ. ನಾನು ಈ ಎರಡನೆಯ ಪಂಗಡದವನು. ಮೈಸೂರಿನಲ್ಲಿ ಹುಡುಗನಾಗಿದ್ದಾಗ ದಸರಾ ಕುಸ್ತಿ ನೋಡಲು ಹೋದರೆ, ಗೆದ್ದ ಪೈಲ್ವಾನ ಆರಾಮಾಗಿ ಬೆವರು ಒರೆಸಿಕೊಳ್ಳುತ್ತಿದ್ದ, ಅವನ ಹೆಸರೂ ಗೊತ್ತಿಲ್ಲದ ನನಗೆ ಕೂಗಿ ಕೂಗಿ ಗಂಟಲು ಕಟ್ಟಿ ವಾರವೆಲ್ಲ ಬಿಸಿನೀರು. ಈಗ ಇರುವುದು ಐರ್ಲೆಂಡಿನಲ್ಲಿ, ಕಾರ್ಕ್ ಊರಿನ ಡಗ್ಲಸ್ ಬಡಾವಣೆಯಲ್ಲಿ. ಅನ್ನ ಕೊಡುವುದು ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆ. ಅಲ್ಲಿ ಎಲ್ಲರೂ ನಿಯಮ ಪಾಲಿಸುತ್ತಾರೋ ಇಲ್ಲವೋ ನೋಡುವುದೇ ನನ್ನ ಕೆಲಸ. ಬಾಗಿಲು ತೆಗೆಯಲೂ ಒಂದು ವಿಧಾನ, ಮುಚ್ಚಲೂ ಒಂದು ವಿಧಾನ. ಅಂಥ ನನಗೆ, ಹೊಗಳುವುದಕ್ಕೂ ನಿಯಮವಿದೆ ಎಂದು ತಿಳಿದದ್ದು ಕೊರೊನಾ ಬಂದ ವರ್ಷ.

ನನ್ನ ಮಗಳು ಇಂಚರ ದೋಣಿ ನಡೆಸುವವಳು. ಹುಟ್ಟಿದ್ದೇ ಇಲ್ಲಿ. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್ ಧಾಟಿಯ ಇಂಗ್ಲಿಷಿನಲ್ಲಿ, ಇಲ್ಲಿಯವರಂತೆ ಮಾತಿನ ಬಾಲಕ್ಕೊಂದು 'ಲೈಕ್' ಸೇರಿಸಿ. ನಮ್ಮ ವಂಶದಲ್ಲಿ ನೀರಿಗಿಳಿದವರು ಯಾರೂ ಇಲ್ಲ. ಕಾವೇರಿಯಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕಿದ್ದೇ ನಮ್ಮ ಜಲಸಾಹಸ. ಇವಳೋ, ಎಂಟು ಹುಡುಗಿಯರ ಉದ್ದ ದೋಣಿಯಲ್ಲಿ ಕೂತು ಲೀ ನದಿಯನ್ನು ಸೀಳಿಕೊಂಡು ಹೋಗುತ್ತಿದ್ದಳು. ಲಾಕ್‌ಡೌನ್ ಬಂತು, ನದಿ ಬಂದ್ ಆಯಿತು. ಕ್ಲಬ್ಬಿನವರು ಹುಟ್ಟು ಹಾಕುವ ಅಭ್ಯಾಸದ ಯಂತ್ರವೊಂದನ್ನು ಮನೆಗೆ ಎರವಲು ಕೊಟ್ಟರು. ಸೋಫಾ ಗೋಡೆಗೆ ಸರಿಯಿತು, ಊಟದ ಮೇಜು ಮೂಲೆ ಸೇರಿತು. ದೇವರ ಮುಂದೆ ದೀಪ ಹಚ್ಚಬೇಕಾದರೆ ನನ್ನ ಹೆಂಡತಿ ಸುಮಾ ಸೆರಗು ಬಿಗಿದು ಆ ಯಂತ್ರವನ್ನು ದಾಟಬೇಕಾಗಿತ್ತು. 'ನೀರಿಲ್ಲ, ದೋಣಿ ಇಲ್ಲ, ಎಲ್ಲಿಗ್ರೀ ಹೋಗ್ತಾಳೆ ಇವಳು ದಿನಾ ಇಷ್ಟು ದೂರ?' ಎಂದು ಅವಳು ಕೇಳುತ್ತಿದ್ದಳು.

ಅದಕ್ಕೆ ಉತ್ತರ ಬಂದದ್ದು ಅಮೆರಿಕದಿಂದ. ಅಲ್ಲಿಯ ಕಾಲೇಜುಗಳು ದೋಣಿ ನಡೆಸುವ ಹುಡುಗಿಯರನ್ನು ದೇಶದೇಶಗಳಿಂದ ಆರಿಸಿ, ಓದಿನ ಖರ್ಚನ್ನೂ ತಾವೇ ಹೊತ್ತುಕೊಳ್ಳುತ್ತವಂತೆ. ಅಂಥ ಒಂದು ಕಾಲೇಜಿನ ಕೋಚ್ ಯಂತ್ರದ ಮೇಲಿನ ಇವಳ ವೇಗ ನೋಡಿ ಮೆಚ್ಚಿದ್ದರು. ಮುಂದಿನ ವರ್ಷ ಬಾ, ನಮ್ಮ ದೋಣಿಯಲ್ಲಿ ನಿನಗೊಂದು ಜಾಗವಿದೆ ಎಂದು ಬಾಯಿಮಾತು ಕೊಟ್ಟರು. ಒಪ್ಪಂದಕ್ಕೆ ರುಜು ಆಗಬೇಕಿತ್ತು, ಅಷ್ಟೇ. ಇಂಚರ ಮಾತಿನಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಆದರೆ ಕಾಲೇಜಿನ ಪಕ್ಕ ಹರಿಯುವ ನದಿಯ ಚಿತ್ರವನ್ನು ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡಳು. ನಾನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವನು. ಆ ಕಾಲೇಜಿನ ಬಣ್ಣದ ಟೀ ಶರ್ಟ್ ತರಿಸಿ ಹಾಕಿಕೊಂಡು ಹಾಲು ತರಲು ಹೋಗತೊಡಗಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅವಳು ಬೆವರು ಸುರಿಸುವ ವಿಡಿಯೋ ತೆಗೆದು, ಕಾಡಿ ಬೇಡಿ ಅವಳ ಪುಟದಲ್ಲೇ ಹಾಕಿಸಿ, ಮೈಸೂರಿನ ನೆಂಟರ ವಾಟ್ಸ್ಯಾಪ್ ಗುಂಪಿಗೆ ಕೊಂಡಿ ಕಳಿಸಿದೆ. ನಮ್ಮವರು ಗೊತ್ತಲ್ಲ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು. ಕೈ ಮುಗಿದ ಚಿತ್ರಗಳು, ಗುಲಾಬಿಗಳು, ಚಾಮುಂಡೇಶ್ವರಿಗೆ ಜಯಕಾರಗಳು ಸುರಿದವು. ನಂಜುಂಡ ಮಾವ ಎಂಬ ಹಿರಿಯರು ನೇರವಾಗಿ ಕಾಲೇಜಿನ ಪುಟಕ್ಕೇ ನುಗ್ಗಿ, 'ನಮ್ಮ ಹುಡುಗಿಗೆ ದೋಣಿಯಲ್ಲಿ ಮುಂದಿನ ಸೀಟನ್ನೇ ಕೊಡಬೇಕಾಗಿ ವಿನಂತಿ' ಎಂದು ಇಂಗ್ಲಿಷಿನಲ್ಲಿ ಬರೆದರು.

ಈ ಗಲಾಟೆಯ ನಡುವೆ ಡಾಟಿ ಎಂಬೊಬ್ಬ ಅಮೆರಿಕದ ಅಜ್ಜಿ ಇಂಚರಳ ಪುಟಕ್ಕೆ ಬಂದರು. ಪ್ರಾಯದಲ್ಲಿ ಅದೇ ಕಾಲೇಜಿನ ದೋಣಿಯಲ್ಲಿ ಕೂತವರು, ಈಗ ದೋಣಿಮನೆಯ ರಿಪೇರಿಗೆ ಕೈಲಾದದ್ದು ಕೊಡುವವರು. 'ಮಗೂ, ಭುಜ ಸ್ವಲ್ಪ ಸಡಿಲ ಬಿಡು. ನಮ್ಮ ನದಿ ನಿನಗಾಗಿ ಕಾಯುತ್ತಿದೆ' ಎಂದು ಬರೆದರು. ಇಂಚರ ಅವರಿಗೆ ಉತ್ತರಿಸಿದಳು. ನನ್ನ ಸಂದೇಶಕ್ಕೆ ಹೆಬ್ಬೆಟ್ಟಿನ ಗುರುತು ಬಿಟ್ಟು ಬೇರೇನೂ ಕಳಿಸದ ಹುಡುಗಿ, ಆ ಅಜ್ಜಿಗೆ ಪುಟಗಟ್ಟಲೆ ಬರೆದಳು! ಡಾಟಿಯವರ ಗಂಡ ಹೆರಾಲ್ಡ್ ನೆನಪು ಮಾಸಿ ಆರೈಕೆ ಕೇಂದ್ರದಲ್ಲಿದ್ದರು. ಕೊರೊನಾ ಕಾರಣ ಒಳಗೆ ಬಿಡುತ್ತಿರಲಿಲ್ಲ; ಡಾಟಿ ದಿನಾ ಹೋಗಿ ಕಿಟಕಿಯ ಗಾಜಿನ ಹೊರಗೆ ನಿಂತು ಕೈ ಬೀಸಿ ಬರುತ್ತಿದ್ದರಂತೆ. ಇಂಚರಳ ವಿಡಿಯೋವನ್ನು ಆ ಗಾಜಿಗೆ ಹಿಡಿದು ತೋರಿಸಿದಾಗ ಆ ಮುದುಕ ಕೂತಲ್ಲೇ ಹುಟ್ಟು ಹಾಕುವಂತೆ ಕೈ ಆಡಿಸಿದರಂತೆ. ಇದನ್ನು ಓದಿ ಸುಮಾ ಒಲೆ ಆರಿಸಿ ಕೂತುಬಿಟ್ಟಳು.

ಆಮೇಲೆ ಕಾಲೇಜಿನ ನಿಯಮ ವಿಭಾಗದ ಹೆಂಗಸೊಬ್ಬರು ವಿಡಿಯೋ ಕರೆಗೆ ಬಂದರು. ತುಂಬಾ ಮರ್ಯಾದಸ್ಥೆ. ಕಾಲೇಜು ಕ್ರೀಡೆಗೆ ಹಣ ಕೊಟ್ಟವರನ್ನು ಬೂಸ್ಟರ್ ಎನ್ನುತ್ತಾರಂತೆ. ಇನ್ನೂ ಸೇರದ ಹುಡುಗಿಗೆ ಬೂಸ್ಟರ್ ಆಗಲಿ ಅಭಿಮಾನಿ ಆಗಲಿ, ನಮ್ಮಲ್ಲಿಗೆ ಬಾ ಎಂದು ಅಂತರ್ಜಾಲದಲ್ಲಿ ಬರೆಯುವಂತಿಲ್ಲ, ಅಪ್ಪ ಅಮ್ಮನಿಗೂ ಬರೆಯುವಂತಿಲ್ಲ. ಬರೆದರೆ ಹುಡುಗಿ ಆಡುವ ಅರ್ಹತೆಗೇ ಕುತ್ತು. ಆಸೆ ತೋರಿಸಿ ಮಕ್ಕಳನ್ನು ಸೆಳೆಯುವವರು ಇರುತ್ತಾರೆ, ಅದಕ್ಕೇ ಈ ಕಟ್ಟುಪಾಡು ಎಂದರು. ನ್ಯಾಯವೇ. 'ಒಮ್ಮೆ ಬೂಸ್ಟರ್ ಆದವರು ಎಷ್ಟು ವರ್ಷ ಬೂಸ್ಟರ್?' ಎಂದೆ. 'ಜೀವ ಇರೋವರೆಗೆ' ಎಂದರು. ಸುಮಾ ಮೆಲ್ಲಗೆ, 'ಮದುವೆ ಥರಾನೇ' ಎಂದಳು.

'ಕುಟುಂಬದವರಿಗೆ ಅಡ್ಡಿಯಿಲ್ಲ. ಆದರೆ ಈ ನಂಜುಂಡ ಎಂಬುವರು ಯಾರು?' ಎಂದು ಅವರು ಕೇಳಿದರು. 'ನನ್ನ ಹೆಂಡತಿಯ ಸೋದರಮಾವನ ಷಡ್ಡಕ' ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೇ ಬೆವರು. 'ಅದು ಕುಟುಂಬವೇ?' ಎಂದರು. 'ನಮ್ಮ ಮದುವೆಯಲ್ಲಿ ಊಟದ ಉಸ್ತುವಾರಿ ಪೂರ್ತಿ ಅವರದೇ' ಎಂದೆ. ಅವರು ಏನೋ ಬರೆದುಕೊಂಡರು. ನಂಜುಂಡ ಮಾವ ಪಾಸಾದರು. ಡಾಟಿ ಆಗಲಿಲ್ಲ. ಅವರಿಗೂ ಅದೇ ದಿನ ತಾಕೀತು ಹೋಗಿತ್ತು.

ಅಂದಿನಿಂದ ಡಾಟಿ ಒಂದಕ್ಷರ ಬರೆಯಲಿಲ್ಲ. ಹೊರಗೆ ಎರಡು ಮೀಟರ್ ದೂರ, ಮನೆಯಿಂದ ಐದು ಕಿಲೋಮೀಟರ್ ಗಡಿ, ಈಗ ಗಾಜಿನ ಪರದೆಯ ಮೇಲೂ ಬೇಲಿ. ಕೋಚ್ ಕೂಡ ಯಾರನ್ನೂ ಮುಖತಃ ಕಾಣಬಾರದೆಂಬ ಆ ಅವಧಿಗೆ ಅಮೆರಿಕದವರು ಇಟ್ಟ ಹೆಸರು ಡೆಡ್ ಪೀರಿಯಡ್. ನಮ್ಮ ಕಡೆ ಅದಕ್ಕೆ ಸೂತಕ ಎನ್ನುತ್ತಾರೆ, ಮುಗಿಯುವ ದಿನವಾದರೂ ಗೊತ್ತಿರುತ್ತದೆ. ಒಂದು ದಿನ ಇಂಚರ ಯಂತ್ರ ನಿಲ್ಲಿಸಿ ಫೋನ್ ಹಿಡಿದು ಅಡುಗೆಮನೆಗೆ ಬಂದಳು. ಡಾಟಿ ತಮ್ಮ ಪುಟದಲ್ಲಿ ಎಲ್ಲರಿಗೂ ತಿಳಿಸಿದ್ದರು: ಹೆರಾಲ್ಡ್ ಹೋದರು.

'ಅಪ್ಪಾ, ಐ ಹ್ಯಾವ್ ಟು ರೈಟ್ ಟು ಹರ್' ಎಂದಳು.

ಬರೆಯಬಾರದೆಂಬ ನಿಯಮ ಇದ್ದದ್ದು ಡಾಟಿಗೆ, ನಮಗಲ್ಲ. ಆದರೆ ನಾವು ಬರೆದರೆ ಆ ತಾಯಿ ತಡೆಯಲಾರದೆ ಉತ್ತರಿಸಿಬಿಟ್ಟರೆ? ಅದನ್ನು ಯಾರಾದರೂ ನೋಡಿದರೆ? ಇಷ್ಟು ಕಷ್ಟಪಟ್ಟು ಗಳಿಸಿದ ಜಾಗ? ನಾನು ಕಾರ್ಖಾನೆಯ ದನಿಯಲ್ಲಿ, 'ರುಜು ಆಗ್ಲಿ ಪುಟ್ಟಿ. ಆಮೇಲೆ ನೀನೇ ಅಲ್ಲಿಗೆ ಹೋಗ್ತೀಯಲ್ಲ, ಅವರ ಮನೆಗೇ ಹೋಗಿ ಮಾತಾಡಿಸ್ಕೊಂಡು ಬಾ. ಈಗ ಬೇಡ' ಎಂದೆ. ಸುಮಾ ನನ್ನ ಮುಖ ನೋಡಿದಳು. 'ಸಾವಿಗೂ ಪರ್ಮಿಶನ್ ಬೇಕೇನ್ರೀ?' ಎಂದಳು. ನಾನು ಪಾತ್ರೆ ಒರೆಸುತ್ತಿದ್ದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಇಂಚರ ಬರೆಯಲಿಲ್ಲ. ಹೋಗಿ ಯಂತ್ರದ ಮೇಲೆ ಕೂತಳು, ಆ ದಿನದಷ್ಟು ಜೋರಾಗಿ ಅದು ಎಂದೂ ಕೂಗಿರಲಿಲ್ಲ.

ರುಜು ಆಗಲೇ ಇಲ್ಲ. ಕೊರೊನಾದಿಂದ ಕಾಲೇಜಿಗೆ ನಷ್ಟವಂತೆ. ಕೆಲವು ಆಟಗಳನ್ನು ಕೈಬಿಟ್ಟರು, ಅದರಲ್ಲಿ ಹೆಣ್ಣುಮಕ್ಕಳ ದೋಣಿಯೂ ಒಂದು. ಕೋಚ್ ಅತ್ತರು, ಪಾಪ, ಅವರ ಕೆಲಸವೂ ಹೋಗಿತ್ತು. ಆ ವೇಳೆಗೆ ಬೇರೆ ಕಾಲೇಜುಗಳ ದೋಣಿಗಳೂ ತುಂಬಿಹೋಗಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎಷ್ಟೋ ಸಲ ಬಾಯಿಚಪಲಕ್ಕೆ ಹೇಳಿದ್ದೇನೆ. ಅದು ಮಗಳ ಬಾಯಿಯಾದಾಗ ಆ ಗಾದೆ ಎಷ್ಟು ಕ್ರೂರ ಎಂದು ಗೊತ್ತಾಯಿತು. ನಿಯಮ ವಿಭಾಗದ ಹೆಂಗಸು ಕೊನೆಯದಾಗಿ ಒಂದು ಸಾಲು ಕಳಿಸಿದ್ದರು. ಇಂಚರ ಇನ್ನು ಆಯ್ಕೆಯ ಪಟ್ಟಿಯಲ್ಲಿಲ್ಲ, ಆದ್ದರಿಂದ ಯಾರು ಬೇಕಾದರೂ ಅವಳ ಜೊತೆ ಮಾತನಾಡಬಹುದು. ಬೇಲಿ ತೆಗೆದಿದ್ದರು, ಒಳಗಿನ ಹೊಲವನ್ನೂ ತೆಗೆದುಕೊಂಡು ಹೋಗಿದ್ದರು.

ನೆಂಟರ ಗುಂಪಿನಲ್ಲಿ ಒಂದು ಗುಲಾಬಿಯೂ ಅರಳಲಿಲ್ಲ. ಸೋತವರಿಗೆ ಏನು ಬರೆಯುವುದೆಂದು ಹೊಗಳುವವರಿಗೆ ಗೊತ್ತಿರುವುದಿಲ್ಲ, ನನ್ನನ್ನೂ ಸೇರಿಸಿ. ಮೊದಲು ಬರೆದದ್ದು ಡಾಟಿ. ಇಂಚರ ಫೋನನ್ನು ಅಮ್ಮನ ಕೈಗೆ ಕೊಟ್ಟಳು, ಸುಮಾ ಓದಿ ನನಗೆ ಕೊಟ್ಟಳು. 'ಮಗೂ, ಈಗ ನಿನಗೆ ಬರೆಯಬಹುದಂತೆ. ಬರೆಯಬಾರದು ಎಂದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.' ಅಷ್ಟೇ. ಹೆರಾಲ್ಡ್ ಸುದ್ದಿ ಇಲ್ಲ, ನೀವೇಕೆ ಒಂದು ಮಾತು ಬರೆಯಲಿಲ್ಲ ಎಂಬ ಆಕ್ಷೇಪಣೆ ಇಲ್ಲ. ನನಗೆ ನಾಚಿಕೆಯಾಯಿತು. ಅಳುವೂ ಬಂತು, ಮುಚ್ಚಿಟ್ಟು ಏನು ಪ್ರಯೋಜನ. ಇಂಚರ ಫೋನ್ ಕಿತ್ತುಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಏನು ಬರೆದಳೋ, ಬಹಳ ಹೊತ್ತು ಬರೆದಳು.

ಯಂತ್ರ ಕ್ಲಬ್ಬಿಗೆ ವಾಪಸು ಹೋಯಿತು. ಸುಮಾ ದೀಪ ಹಚ್ಚಲು ಈಗ ಏನನ್ನೂ ದಾಟಬೇಕಾಗಿಲ್ಲ. ಆದರೂ ಆ ಜಾಗಕ್ಕೆ ಬಂದಾಗ ಸೆರಗು ಬಿಗಿದು ಕಾಲೆತ್ತುತ್ತಾಳೆ. ಮೊನ್ನೆ ಲೀ ನದಿ ಮತ್ತೆ ತೆರೆಯಿತು. ಇಂಚರ ಬೆಳಿಗ್ಗೆ ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ. 'ಅಪ್ಪಾ, ನೋ ವಿಡಿಯೋ, ನೋ ಶೌಟಿಂಗ್. ಯು'ಆರ್ ಗ್ರ್ಯಾಂಡ್ ಅಟ್ ಹೋಮ್' ಎಂದಳು. ಗ್ರ್ಯಾಂಡ್ ಎಂದರೆ ಇಲ್ಲಿ ಸಾಕು, ಬೇಡ ಎಂದೂ ಆಗುತ್ತದೆ. ನಾನು ಚಪ್ಪಲಿ ಬಿಟ್ಟೆ. ನಿಯಮ ಮಾಡಿದವರು ಊರಿನ ಅಭಿಮಾನಿಗಳನ್ನೆಲ್ಲ ದೂರವಿಟ್ಟರು, ಮನೆಯೊಳಗೇ ಜೀವ ಇರುವವರೆಗಿನ ಬೂಸ್ಟರ್ ಒಬ್ಬ ಕೂತಿದ್ದಾನೆಂದು ಅವರಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಬಂದವಳೇ ಮೇಲೆ ಹೋದಳು. ಅವಳ ಪುಟದಲ್ಲಿ ನದಿಯ ಒಂದು ಚಿತ್ರ. ಕೆಳಗೆ ಒಂದೇ ಮೆಚ್ಚುಗೆ, ಡಾಟಿಯದು. ನಾನು ಸೋಫಾದಲ್ಲಿ ಕೂತು ಅವಳಿಗೆ ವಾಟ್ಸ್ಯಾಪಿನಲ್ಲಿ 'ಶಹಬ್ಬಾಸ್ ಮಗಳೇ' ಎಂದು ಒತ್ತಿದೆ, ಅಳಿಸಿದೆ. 'ಬೇಜಾರಾಗಬೇಡ' ಎಂದು ಒತ್ತಿದೆ, ಅದನ್ನೂ ಅಳಿಸಿದೆ. 'ಅವತ್ತು ನಾನು ಬೇಡ ಅನ್ನಬಾರದಿತ್ತು' ಎಂದು ಶುರು ಮಾಡಿ ಅರ್ಧಕ್ಕೆ ಬಂದಿದ್ದೆ.

ಮೇಲಿನಿಂದ ದನಿ ಬಂತು: 'ಅಪ್ಪಾ, ಐ ಕ್ಯಾನ್ ಸೀ ಯು ಟೈಪಿಂಗ್!' ಮತ್ತೆ, ಈ ಸಲ ಮೆತ್ತಗೆ, 'ಜಸ್ಟ್ ಸೇ ಇಟ್, ಲೈಕ್.'

ಫೋನ್ ಕೆಳಗಿಟ್ಟೆ. ಮೆಟ್ಟಿಲ ಬುಡಕ್ಕೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡೆ. ಯಾರ್ಯಾರಿಗೋ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಮನುಷ್ಯ ನಾನು.

'ಊಟಕ್ಕೆ ಬಾ ಪುಟ್ಟಿ' ಎಂದೆ.