ಬಾವಿಗೆ ಬಿದ್ದ ಪಾವು

೧೯೩೬ನೇ ಇಸವಿಯ ಬೇಸಿಗೆಯಲ್ಲಿ, ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಶಿರಸಿಯ ನಮ್ಮ ಮನೆಯ ಬಾವಿಗೆ ಅರ್ಧ ಪಾವುರೊಟ್ಟಿ ಬಿತ್ತು. ಉಳಿದರ್ಧ ನನ್ನ ಬಾಯಲ್ಲಿತ್ತು.

ಧಾರವಾಡದ ಒಂದು ವಾರಪತ್ರಿಕೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸುದ್ದಿ ಕಳಿಸುವವನು ನಾನು. ಸತ್ತವರ ವಯಸ್ಸನ್ನೂ ಇಬ್ಬರನ್ನು ಕೇಳಿಯೇ ಬರೆಯುತ್ತೇನೆ. ಹುಟ್ಟಿದ ಧರ್ಮ ಬಿಡುವವರು ಯಾವುದಕ್ಕೆ ಹೋಗಬೇಕೆಂಬ ಚರ್ಚೆ ಆಗ ಮುಂಬಯಿಯ ಪತ್ರಿಕೆಗಳಲ್ಲಿ ಜೋರಾಗಿತ್ತು. ನಮ್ಮ ಸಂಪಾದಕರೂ ಕಾರ್ಡು ಹಾಕಿದರು: ‘ಬೌದ್ಧವೋ, ಕ್ರೈಸ್ತವೋ? ನಿಮಗೆ ಹಿಡಿಸಿದ್ದನ್ನು ಬರೆಯಿರಿ.’ ಎರಡನ್ನೂ ಓದಿದೆ. ಬುದ್ಧ ಕೂಡಲೇ ಹಿಡಿಸಿದ. ಆಸೆ ಬಿಡು, ಸುಮ್ಮನೆ ಕುಳಿತುಕೋ ಎನ್ನುತ್ತಾನೆ. ಎರಡನೆಯದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸ. ಯೇಸುವಿನದು ತಾಪತ್ರಯ. ನೆರೆಯವನನ್ನು ಪ್ರೀತಿಸಬೇಕಂತೆ. ಯೇಸು ನಮ್ಮ ನೆರೆಯವನನ್ನು ನೋಡಿರಲಿಲ್ಲ.

ಬೈಬಲ್ಲು ಕೊಟ್ಟವರು ನನ್ನ ಸ್ನೇಹಿತ ಪೆದ್ರು ಮಾಸ್ತರರು. ಜೊತೆಗೆ, ಮನೆಯಲ್ಲಿ ಸುಟ್ಟದ್ದು ಎಂದು ಒಂದು ಪಾವನ್ನೂ ಕೊಟ್ಟಿದ್ದರು. ಅದನ್ನು ಬಾವಿಕಟ್ಟೆಯ ಮರೆಯಲ್ಲಿ ತಿನ್ನುತ್ತ, ಆಸೆಯೇ ದುಃಖಕ್ಕೆ ಮೂಲವೆಂಬುದನ್ನು ಹೇಗೆ ಬರೆಯಲಿ ಎಂದು ಯೋಚಿಸುತ್ತಿದ್ದಾಗ, ಹಿಂದಿನಿಂದ ಆಯಿಯ, ಎಂದರೆ ನನ್ನ ತಾಯಿಯ, ದನಿ ಕೇಳಿಸಿತು.

"ಎಂತ ತಿಂತಾ ಇದ್ದೆ?"

ಕೈಯಲ್ಲಿದ್ದದ್ದು ಜಾರಿತು. ಆಯಿ ಬಗ್ಗಿ ನೋಡಿದಳು.

"ಪಾವನಾ ಅದು? ಅಯ್ಯೋ, ಬಾವಿಗೇ ಹಾಕ್ದ್ಯನಾ?"

ಗೋವೆಯಲ್ಲಿ ಪರಂಗಿಗಳು ಬಾವಿಗೆ ಪಾವು ಹಾಕಿ, ಆ ನೀರು ಕುಡಿದವರನ್ನೆಲ್ಲ ‘ಇನ್ನು ನೀವು ಕಿರಿಸ್ತಾನರು’ ಎಂದರೆಂಬ ಕಥೆ ಘಟ್ಟ ಹತ್ತಿ ಇಲ್ಲಿಗೂ ಬಂದಿದೆ. ಕಥೆ ಎಷ್ಟೋ ತಲೆಮಾರು ಹಳೆಯದು. ಆಯಿಗೆ ಅದು ನಿನ್ನೆ ನಡೆದದ್ದು.

"ಆನು ಇನ್ನು ಈ ನೀರು ಕುಡಿತ್ನಿಲ್ಲೆ," ಎಂದಳು. ಬೇರೆಯವರ ಬಾವಿಯ ನೀರನ್ನು ಅವಳು ಎಂದೂ ಕುಡಿದವಳಲ್ಲ. ವಯಸ್ಸು ಎಪ್ಪತ್ತು ದಾಟಿದೆ. ಬಿಸಿಲೋ, ಕಾದ ಹೆಂಚು. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಣಗಿತ್ತು. ನಾನು ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದೆ.

"ಕುತ್ಗಂಡ್ರೆ ನೀರು ಬತ್ತನಾ?" ಎಂದು ಹೆಂಡತಿ ಒಳಗಿನಿಂದಲೇ ಕೇಳಿದಳು. ಪುರೋಹಿತರಾದ ಸುಬ್ರಾಯ ಭಟ್ಟರನ್ನು ಕರೆಯಲು ಓಡಿದೆ. ಅವರು ಸಿದ್ದಾಪುರಕ್ಕೆ ಹೋಗಿದ್ದರು, ಬರುವುದು ಮಂಗಳವಾರ.

ನಾನು ಮರಳುವಷ್ಟರಲ್ಲಿ ಸುದ್ದಿ ಪೇಟೆಯನ್ನೆಲ್ಲ ಸುತ್ತಿತ್ತು. ನನ್ನ ವೃತ್ತಿಜೀವನದಲ್ಲಿ ಯಾವ ಸುದ್ದಿಯೂ ಅಷ್ಟು ಬೇಗ ತಲುಪಿದ್ದಿಲ್ಲ. ಅಂಗಳದಲ್ಲಿ ಪೆದ್ರು ಮಾಸ್ತರರು ನಿಂತಿದ್ದರು. ಹೆಗಲ ಮೇಲೆ ಒಂದು ಗೊನೆ ಎಳನೀರು, ಮೈಯೆಲ್ಲ ಬೆವರು.

"ಅಮ್ಮಾ, ತಪ್ಪು ನನ್ನ ಪಾವಿನದು," ಎಂದರು. "ಕಾಯಿಯ ಒಳಗಿನ ನೀರನ್ನು ಯಾರೂ ಮುಟ್ಟಿಲ್ಲ. ಕೆತ್ತುವುದು ನಿಮ್ಮ ಮನೆಯವರೇ ಆಗಲಿ."

ಆಯಿ ಗೊನೆಯನ್ನು ನೋಡಿದಳು. ನನ್ನನ್ನೂ ನೋಡಿದಳು. ಮೂರು ಎಳನೀರು ಕುಡಿದಳು. ಆಮೇಲೆ, "ನಿಂಗ ಕುತ್ಕಳಿ ಮಾಸ್ತರ್ರೇ, ಬಿಸ್ಲಲ್ಲಿ ಬಂದ್ರಿ," ಎಂದಳು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಮಾಸ್ತರರ ಮನೆ ನಮ್ಮ ಮನೆಯಿಂದ ಒಂದು ಮೈಲಿ ದೂರ. ಅವರು ನೆರೆಯವರೂ ಅಲ್ಲ.

ಮಂಗಳವಾರ ಭಟ್ಟರು ಬಾವಿಯ ಶುದ್ಧಿಗೆ ಕುಳಿತರು. ಸಂಕಲ್ಪದಲ್ಲಿ ‘ಬೌದ್ಧಾವತಾರೇ’ ಎಂದದ್ದು ಕೇಳಿ ಬೆಚ್ಚಿಬಿದ್ದೆ.

"ಭಟ್ರೇ, ಎಂತ ಹೇಳಿದ್ರಿ?"

"ದಿನಾ ಬೆಳಿಗ್ಗೆ ನೀನೂ ಹೇಳ್ತ್ಯಲಾ! ಇದು ಬುದ್ಧನ ಅವತಾರದ ಕಾಲ ಹೇಳಿ ಅರ್ಥ. ಎಂತ ಅಂದ್ಕಂಡಿದ್ದೆ?"

ಉಪನಯನವಾದಂದಿನಿಂದ ಮೂವತ್ತು ವರ್ಷ ಹೇಳಿದ್ದೇನೆ. ಏನೂ ಅಂದುಕೊಂಡಿರಲಿಲ್ಲ.

ಬುದ್ಧನೇ ಹಿಡಿಸಿದನೆಂದು ಬರೆದಿಟ್ಟಿದ್ದ ಲೇಖನವನ್ನು ಬುಧವಾರ ಅಂಚೆಗೆ ಹಾಕದೆ ಹರಿದೆ. ಇದನ್ನು ಬರೆಯುವ ಹೊತ್ತಿಗೆ ಆಯಿ ಬಾವಿಯ ನೀರನ್ನೇ ಕುಡಿಯುತ್ತಿದ್ದಾಳೆ. ಮಾಸ್ತರರು ಎರಡು ಸಲ ಬಂದು ಹೋಗಿದ್ದಾರೆ. ಪಾವು ತಿಂದ ನನ್ನ ಊಟದ ಎಲೆಯನ್ನು ಮಾತ್ರ ಆಯಿ ಇನ್ನೂ ಜಗಲಿಯಲ್ಲೇ ಹಾಕಿಸುತ್ತಿದ್ದಾಳೆ.